ಸಿನಿಮಾಗೆ ಸ್ಟಾರ್ ಕೊಟ್ಟರೆ ದುಡ್ಡು ಅಂತ ಮೆಸೇಜ್ ಬಂದರೆ ದಯವಿಟ್ಟು ಉತ್ತರ ಕೊಡಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ನನ್ನ ಹಾಗೆ ಸಿನಿಮಾ ಹುಚ್ಚು ಇರುವವರು ಇದಕ್ಕೆ ಬಹಳ ಸುಲಭವಾಗಿ ಬೀಳುತ್ತಾರೆ.

ನನಗೆ ಥ್ರಿಲ್ಲರ್, ಹಾರರ್ ಅಂದರೆ ಪ್ರಾಣ. ರಾತ್ರಿ ಕೂತು ನೋಡುವುದು, ಮುಗಿದ ತಕ್ಷಣ ಅನ್ನಿಸಿದ್ದನ್ನು ನಾಲ್ಕು ಸಾಲು ಬರೆದು ಹಾಕುವುದು. ಕೊಲೆಗಾರ ಯಾರು ಅಂತ ಇಂಟರ್‌ವಲ್‌ಗೇ ಗೊತ್ತಾಯಿತು, ದೆವ್ವ ಕಾಣಿಸದೇ ಇದ್ದಾಗಲೇ ಜಾಸ್ತಿ ಭಯ ಆಗುತ್ತಿತ್ತು, ಕೊನೆಯ 20 ನಿಮಿಷ ಸುಮ್ನೆ ಎಳೆದರು, ಇಂಥವು. ಓದುವವರು ಹತ್ತು ಹನ್ನೆರಡು ಜನ ಇರಬಹುದು. ಒಂದು ದಿನ ಒಬ್ಬ ಹುಡುಗಿಯ ಫೋಟೋ ಇರುವ ನಂಬರಿನಿಂದ ವಾಟ್ಸ್‌ಆ್ಯಪ್ ಬಂತು. "ಸರ್, ನಿಮ್ಮ ಸಿನಿಮಾ ಅಭಿಪ್ರಾಯಗಳನ್ನು ಓದುತ್ತಿದ್ದೇವೆ. ತುಂಬ ಚೆನ್ನಾಗಿ ಬರೆಯುತ್ತೀರಿ. ರೇಟಿಂಗ್ ಕೊಡುವ ಕೆಲಸ ಇದೆ, ದಿನಕ್ಕೆ ಒಂದು ಗಂಟೆ ಸಾಕು." ದುಡ್ಡಿಗಿಂತ ಮೊದಲು ನಾನು ಬಿದ್ದದ್ದು ಆ ಹೊಗಳಿಕೆಗೆ. ಇಷ್ಟು ವರ್ಷದಲ್ಲಿ ನನ್ನ ಬರಹದ ಬಗ್ಗೆ ಯಾರೂ ಹಾಗೆ ಹೇಳಿರಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇರುತ್ತೆ. ಟೆಲಿಗ್ರಾಂ ಗ್ರೂಪು, ಒಂದು ವೆಬ್‌ಸೈಟ್, ಒಂದು ಲಾಗಿನ್. ಒಂದು ಸೆಟ್‌ಗೆ 38 ಸಿನಿಮಾ. ಪೋಸ್ಟರ್ ಬರುತ್ತೆ, ಸ್ಟಾರ್ ಒತ್ತಿ ಸಬ್‌ಮಿಟ್ ಮಾಡಿದರೆ ಕಮಿಷನ್ ಸೇರುತ್ತೆ. ಮೊದಲ ದಿನ ಸ್ವಲ್ಪ ದುಡ್ಡು ನಿಜವಾಗಿಯೂ ಬ್ಯಾಂಕ್ ಅಕೌಂಟಿಗೆ ಬಂತು. ಅಲ್ಲಿಗೆ ನಂಬಿಕೆ ಕೂತುಬಿಟ್ಟಿತು.

ಎರಡನೇ ದಿನ ಒಂದು ಹಾರರ್ ಸಿನಿಮಾ ಬಂತು. ಹಿಂದಿನ ವಾರವಷ್ಟೇ ನೋಡಿದ್ದೆ. ಒಂಚೂರೂ ಹಿಡಿಸಿರಲಿಲ್ಲ, ಬಾಗಿಲು ಬಡಿದಾಗೆಲ್ಲ ಕಿವಿ ಒಡೆಯೋ ಸೌಂಡು, ಭಯ ಮಾತ್ರ ಇಲ್ಲ. ಎರಡು ಸ್ಟಾರ್ ಒತ್ತಿದೆ. ತಗೊಳ್ಳಲಿಲ್ಲ. ಮತ್ತೆ ಒತ್ತಿದೆ. ಐದೂ ಸ್ಟಾರ್ ತಾನಾಗೇ ಹಳದಿ ಆಯಿತು. ಕೆಳಗೆ ಕಮೆಂಟ್ ಕೂಡ ರೆಡಿ ಇತ್ತು: "ಅದ್ಭುತ ಕಥೆ, ಮಕ್ಕಳ ಜೊತೆ ನೋಡಿ." ಹಾರರ್ ಸಿನಿಮಾಗೆ ಇದು! ಕೇಳಿದೆ. ಬಂದ ಉತ್ತರ: "ಸ್ಟಾರ್ ಸಿಸ್ಟಮ್ ಹಾಕುತ್ತೆ ಸರ್. ನಿಮ್ಮ ಅಕೌಂಟಿನಿಂದ ಹೋದರೆ ಸಾಕು. ನಿಮ್ಮ ಹೆಸರಿಗೆ ಬೆಲೆ ಇದೆ." ಅಲ್ಲೇ ಎದ್ದು ಹೋಗಬೇಕಿತ್ತು. ನನ್ನ ಅಭಿಪ್ರಾಯ ಬೇಕು ಅಂತ ಕರೆದವರು ನನಗೆ ಎರಡು ಸ್ಟಾರ್ ಒತ್ತೋಕೂ ಬಿಡುತ್ತಿಲ್ಲ ಅಂದಮೇಲೆ ಇನ್ನೇನು ಗೊತ್ತಾಗಬೇಕಿತ್ತು? ಸಿನಿಮಾ ಮಾಹಿತಿ, ರೇಟಿಂಗ್ ಇರುವ ಐಎಂಡಿಬಿ ವೆಬ್‌ಸೈಟಿನಲ್ಲಿ 10ಕ್ಕೆ ಇಷ್ಟು ಅಂತ ಅಂಕ ಕೊಡುವ ನೋಡುಗರಿಗೆ ಯಾರೂ ಸಂಬಳ ಕೊಡುವುದಿಲ್ಲ. ಗುಂಪು ಕಟ್ಟಿಕೊಂಡು ಬಂದು ಅಂಕ ಏರಿಸಬಾರದು ಅಂತ ಅಲ್ಲಿ ಎಲ್ಲ ವೋಟಿಗೂ ಒಂದೇ ತೂಕ ಕೂಡ ಇಲ್ಲ. ಇದು ನನಗೆ ವರ್ಷಗಳಿಂದ ಗೊತ್ತು. ಗೊತ್ತಿದ್ದೂ ಸಬ್‌ಮಿಟ್ ಒತ್ತಿದೆ.

ಮೂರನೇ ದಿನ 36ನೇ ಸಿನಿಮಾ. ಒಂದು ಥ್ರಿಲ್ಲರ್ ಪೋಸ್ಟರ್, ಸುತ್ತ ಚಿನ್ನದ ಬಣ್ಣದ ಚೌಕಟ್ಟು. ಒತ್ತಿದ ತಕ್ಷಣ ನನ್ನ ಬ್ಯಾಲೆನ್ಸ್ ಕೆಂಪಾಗಿ ಮೈನಸ್ ಆಯಿತು. ಗಾಬರಿಯಾಗಿ ಕೇಳಿದರೆ, "ಅಭಿನಂದನೆ ಸರ್! ನಿಮಗೆ ಪ್ರೀಮಿಯಂ ಸಿನಿಮಾ ಸಿಕ್ಕಿದೆ, ಕಮಿಷನ್ ಆರು ಪಟ್ಟು. ಮೈನಸ್ ಅಮೌಂಟ್ ಹಾಕಿ ಮುಂದುವರಿಸಿ." ಹಾಕದಿದ್ದರೆ ಮುಂದಿನ ಸಿನಿಮಾ ಬರಲ್ಲ, 38 ಮುಗಿಯದೆ ಒಂದು ಪೈಸೆಯೂ ತೆಗೆಯೋಕೆ ಆಗಲ್ಲ. ಹಾಕಿದೆ. 37ನೆಯದೂ ಚಿನ್ನದ ಚೌಕಟ್ಟಿನಲ್ಲೇ ಬಂತು. ಈ ಸಲ ಮೈನಸ್ ಮೊದಲಿನ ಮೂರರಷ್ಟು. ಗ್ರೂಪಿನಲ್ಲಿ ಕೇಳಿದರೆ ಎಲ್ಲರೂ "ನನಗೂ ಹಾಗೇ ಆಗಿತ್ತು, ಕಟ್ಟಿದೆ, ಡಬಲ್ ಬಂತು" ಅಂದರು. ಆಮೇಲೆ ಅದೇ ಮೆಸೇಜುಗಳನ್ನು ಮೇಲಿಂದ ಕೆಳಗೆ ನೋಡಿದಾಗ ಕಂಡಿತು, ಬೇರೆ ಬೇರೆ ಹೆಸರಿನ ಮೂವರೂ "ಧನ್ಯವಾದಗಳು" ಪದವನ್ನು ಒಂದೇ ಥರ ತಪ್ಪಾಗಿ ಬರೆದಿದ್ದರು. ಅಷ್ಟು ಹೊತ್ತಿಗೆ ನಾನು ಗೆಳೆಯನ ಹತ್ತಿರ ಸಾಲ ಮಾಡಿ ಕಟ್ಟಿಯಾಗಿತ್ತು.

ಕಮಿಷನ್ ಬೇಡ, ನಾನು ಹಾಕಿದ್ದಷ್ಟೇ ವಾಪಸ್ ಕೊಡಿ ಅಂದೆ. "ಅದು ಸಿಸ್ಟಮ್ ರೂಲ್ ಸರ್." ಅಮ್ಮನ ಕಣ್ಣಿನ ಆಪರೇಷನ್‌ಗೆ ಇಟ್ಟ ದುಡ್ಡು ಅದು, ದಯವಿಟ್ಟು ಕೊಡಿ ಅಂತ ಬರೆದೆ. ಅದಕ್ಕೆ ಬಂದ ಉತ್ತರ ಇನ್ನೂ ಫೋನಿನಲ್ಲಿದೆ: "ಅರ್ಥ ಆಗುತ್ತೆ ಸರ್. ಹಾಗಿದ್ದರೆ ಬೇಗ ಟಾಸ್ಕ್ ಮುಗಿಸಿ." ಅರ್ಥ ಆಗುತ್ತಂತೆ! ಹೇಗೋ 38 ಮುಗಿಸಿದೆ. ದುಡ್ಡು ತೆಗೆಯೋಕೆ ಹೋದರೆ, "ನಿಮ್ಮ ಸ್ಕೋರ್ 80 ಇದೆ, 100 ಆಗಬೇಕು, ಒಂದೊಂದು ಪಾಯಿಂಟಿಗೂ ಇಷ್ಟು ಕಟ್ಟಿ." ಕೈಯಲ್ಲಿಲ್ಲ ಅಂದೆ. "ಫ್ರೆಂಡ್ಸ್ ಹತ್ತಿರ ಕೇಳಿ ಸರ್, ಸಂಬಂಧಿಕರು ಇಲ್ವಾ?" ಇಲ್ಲ ಅಂದೆ. ಮರುದಿನ ಗ್ರೂಪಿನಿಂದ ತೆಗೆದರು, ನಂಬರ್ ಬ್ಲಾಕ್, ವೆಬ್‌ಸೈಟ್ ತೆರೆಯುತ್ತಲೇ ಇಲ್ಲ.

ಹುಡುಕಿದ ಮೇಲೆ ಗೊತ್ತಾಯಿತು, ಇದಕ್ಕೆ ಟಾಸ್ಕ್ ಸ್ಕ್ಯಾಮ್ ಅಂತ ಹೆಸರೇ ಇದೆ. ಅಮೆರಿಕದಲ್ಲಿ ಗ್ರಾಹಕರ ದೂರು ನೋಡಿಕೊಳ್ಳುವ ಎಫ್‌ಟಿಸಿ 2024ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅಲ್ಲಿ 2023ರ ಇಡೀ ವರ್ಷಕ್ಕೆ ಸುಮಾರು 5,000 ದೂರು, 2024ರ ಮೊದಲ 6 ತಿಂಗಳಲ್ಲೇ ಸುಮಾರು 20,000. ನಾನು ಇದನ್ನು ಮೊದಲೇ ಒಂದು ಸಲ ಹುಡುಕಿ ನೋಡಿದ್ದರೆ! ಐದು ನಿಮಿಷದ ಕೆಲಸ ಅದು.

ಕೆಲಸ ಕೊಡುತ್ತೇವೆ ಅಂದವರು ನಿಮ್ಮ ಹತ್ತಿರವೇ ದುಡ್ಡು ಕೇಳಿದರೆ ಮೊದಲ ಸಲವೇ ನಿಲ್ಲಿಸಿ. ಹಾಕಿದ್ದು ಹೋಯಿತು ಅಂದುಕೊಳ್ಳಿ, ಅದನ್ನು ಬಿಡಿಸಿಕೊಳ್ಳೋಕೆ ಇನ್ನೊಂದು ಸಲ ಹಾಕಬೇಡಿ, ನಾನು ಕಳೆದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಹಾಗೇ ಹೋಗಿದ್ದು. ಚಾಟ್ ಅಳಿಸಬೇಡಿ, ತಕ್ಷಣ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ನಾನು ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದೆ, ಅದೂ ತಪ್ಪಾಯಿತು. ಆಮೇಲೆ "ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸ್ ಕಟ್ಟಿ" ಅಂತ ಇನ್ನೊಬ್ಬರು ಮೆಸೇಜ್ ಮಾಡುತ್ತಾರೆ. ನನಗೆ ಹತ್ತೇ ದಿನದಲ್ಲಿ ಬಂತು. ಅವರೂ ಅಂಥವರೇ.

ನಿನ್ನೆ, ನನಗೆ ಸಾಲ ಕೊಟ್ಟ ಆ ಗೆಳೆಯನಿಗೂ ಮೆಸೇಜ್ ಬಂದಿದೆ. ಅದೇ ಹುಡುಗಿಯ ಫೋಟೋ, ಹೆಸರು ಬೇರೆ. "ಸರ್, ನಿಮ್ಮ ಸಿನಿಮಾ ಅಭಿಪ್ರಾಯಗಳನ್ನು ಓದುತ್ತಿದ್ದೇವೆ. ತುಂಬ ಚೆನ್ನಾಗಿ ಬರೆಯುತ್ತೀರಿ." ಅವನು ಇವತ್ತಿನವರೆಗೂ ಯಾವ ಸಿನಿಮಾ ಬಗ್ಗೆಯೂ ಒಂದು ಸಾಲು ಬರೆದವನಲ್ಲ.