ಮಳೆ ಬಿಟ್ಟ ಮೇಲೆ ಪಿಲಿಕುಳ: ಹುಲಿ ನೋಡಿ ಹಾಗೇ ಮನೆಗೆ ಓಡಬೇಡಿ

ಮಂಗಳೂರಿನ ಹತ್ತಿರದ ಪಿಲಿಕುಳ ನಿಸರ್ಗಧಾಮಕ್ಕೆ ಹೋಗುವ ಹೆಚ್ಚಿನವರು ಹುಲಿ ನೋಡಿ, ಕಾಳಿಂಗ ಸರ್ಪ ನೋಡಿ, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿ ವಾಪಸ್ ಬರುತ್ತಾರೆ. ನನಗೆ ಕೇಳಿದರೆ ಅಲ್ಲಿ ಮೊದಲು ನೋಡಬೇಕಾದದ್ದು ಗುತ್ತಿನ ಮನೆ, ಅಂದರೆ ತುಳುನಾಡಿನ ಹಳೆ ಕಾಲದ ಯಜಮಾನರ ಮನೆಯ ಮಾದರಿ. ಆಮೇಲೆ ಕುಶಲಕರ್ಮಿಗಳ ಗ್ರಾಮ, ಕೆರೆ. ಅದೂ ನಿಧಾನಕ್ಕೆ, ಕಾಲ್ನಡಿಗೆಯಲ್ಲಿ. ಅದಕ್ಕೆ ಸರಿಯಾದ ಸಮಯ ಅಂದರೆ ಮಾರ್ನೆಮಿ (ನವರಾತ್ರಿ) ಕಳೆದು ದೀಪಾವಳಿ ಆಚೀಚೆ, ನಮ್ಮ ತುಳು ಲೆಕ್ಕದ ಬೊಂತೆಲ್ ತಿಂಗಳು.

ನಮ್ಮಲ್ಲಿ ಎಲೆ ಕೆಂಪಾಗಿ ಉದುರುವ ಕಾಲ ಅಂತ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಯ್ದ ಮಳೆ ಬಿಟ್ಟು, ಬಿಸಿಲು ಇನ್ನೂ ಚುಚ್ಚಲು ಶುರು ಮಾಡದ ಈ ಕೆಲವು ವಾರಗಳೇ ನಮ್ಮ ಶರತ್ಕಾಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಗಳ ಮೇಲೆ ಪಾಚಿ ಇನ್ನೂ ಹಸಿರಾಗಿರುತ್ತದೆ, ಕೆರೆ ತುಂಬಿರುತ್ತದೆ, ಬೆಳಗ್ಗೆ ಗಾಳಿ ತಂಪು. ಚಿಟ್ಟೆಗಳೂ ಜಾಸ್ತಿ. ನಮ್ಮ ರಾಜ್ಯದ ಚಿಟ್ಟೆ ಇದೆಯಲ್ಲ, ಕಪ್ಪು ಹಳದಿಯ ಸದರ್ನ್ ಬರ್ಡ್‌ವಿಂಗ್, ಅದು ತಲೆ ಮೇಲೆ ಹಾರಿ ಹೋದಾಗ ನನ್ನ ಅಕ್ಕನ ಮಗ ಹಕ್ಕಿ ಅಂತಲೇ ಹಟ ಹಿಡಿದ. ಅಷ್ಟು ದೊಡ್ಡದು!

ಜಾಗ ಸಣ್ಣದಲ್ಲ, ಸುಮಾರು 370 ಎಕರೆ. ಎಲ್ಲವನ್ನೂ ಒಂದೇ ದಿನ ಮುಗಿಸುತ್ತೇನೆ ಅಂತ ಹೊರಟರೆ ಸುಸ್ತಾಗುವುದು ಬಿಟ್ಟರೆ ಏನೂ ಸಿಗುವುದಿಲ್ಲ. ಬೆಳಗ್ಗೆ ಬೇಗ ಹೋಗಿ ಸಸ್ಯಕಾಶಿ ಕಡೆಯಿಂದ ನಡಿಗೆ ಶುರು ಮಾಡಿ. ಅಲ್ಲಿ ಬೆಳೆಸಿರುವುದು ಪಶ್ಚಿಮ ಘಟ್ಟದ ಮರಗಳು. ನಾವು ಬೇಸಿಗೆಯಲ್ಲಿ ಪುನರ್ಪುಳಿ (ಕೋಕಂ) ಜ್ಯೂಸ್ ಕುಡಿಯುತ್ತೇವೆ, ಸಾರು ಮಾಡುತ್ತೇವೆ. ಆದರೆ ಪೇಟೆಯಲ್ಲಿ ಬೆಳೆದ ಎಷ್ಟು ಮಕ್ಕಳು ಅದರ ಮರ ನೋಡಿದ್ದಾರೆ ಹೇಳಿ?

ಇನ್ನು ಗುತ್ತಿನ ಮನೆ. ಹಿಂದೆ ಊರಿನ ಆಡಳಿತ, ನ್ಯಾಯ ಪಂಚಾಯಿತಿಕೆ, ದೈವದ ಕೋಲದ ಹೊಣೆ ಎಲ್ಲ ಇದ್ದದ್ದು ಇಂಥ ಮನೆಗಳಲ್ಲಿ. ಅದೇ ಮಾದರಿಯಲ್ಲಿ ಕಟ್ಟಿದ ಮನೆ ಇದು. ಚಾವಡಿ, ಕೆತ್ತನೆಯ ಮರದ ಕಂಬ, ಮೇಲೆ ಹಂಚು. ಹೊರಗೆ ಎಷ್ಟೇ ಸೆಕೆ ಇರಲಿ, ಒಳಗೆ ಕಾಲಿಟ್ಟ ಕೂಡಲೇ ತಣ್ಣಗಾಗುತ್ತದೆ. ಈಗ ಸುತ್ತಲೂ ಕಾಂಕ್ರೀಟ್ ಹಾಕಿ ಮೇಲೆ ಏಸಿ ಕೂರಿಸುವ ನಮಗೆ ಇದು ಯಾಕೆ ಬೇಡವಾಯಿತೋ ಗೊತ್ತಿಲ್ಲ. ಅಂದ ಹಾಗೆ, ನಾವು ಮಂಗಳೂರು ಹಂಚು ಅಂತ ಹೆಮ್ಮೆಯಿಂದ ಹೇಳುವುದು ಬಂದದ್ದು 1865ರ ನಂತರ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಇಲ್ಲಿ ಕಾರ್ಖಾನೆ ಹಾಕಿದ ಮೇಲೆ. ಅದಕ್ಕೂ ಮುಂಚೆ ಹೆಚ್ಚಿನ ಮನೆಗಳಿಗೆ ಹುಲ್ಲಿನ ಮಾಡೇ.

ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಚಾವಡಿಯಲ್ಲಿ ಕೂತವರು ಏಳಲೇ ಇಲ್ಲ! ಅವರ ಅಜ್ಜಿಮನೆಯಲ್ಲಿ ಅಕ್ಕಿ ಮುಡಿ ಕಟ್ಟುತ್ತಿದ್ದ ಕಥೆ ಶುರುವಾಯಿತು. ಬೈಹುಲ್ಲು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗ ಬಿಗಿಯುತ್ತಾ ಬಡಿದು ಬಡಿದು ಗುಂಡಗೆ ಮಾಡುವುದು. ಒಂದು ಮುಡಿಗೆ 42 ಸೇರು. ಮಳೆಗಾಲ ಪೂರ್ತಿ ಅಟ್ಟದಲ್ಲಿ ಇದ್ದರೂ ಅಕ್ಕಿ ಹಾಳಾಗುತ್ತಿರಲಿಲ್ಲವಂತೆ. “ಮನೆ ಹೆಂಗಸಿನದ್ದು ಮಗಾ, ಯಜಮಾನಿಕೆ ಮಾತ್ರ ಸೋದರಮಾವನದ್ದು” ಅಂದರು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟು ಪದ್ಧತಿ ಅಂತ ಓದಿದ್ದೆ, ಆದರೆ ಆ ಚಾವಡಿಯಲ್ಲಿ ಅಮ್ಮನ ಬಾಯಿಂದ ಕೇಳಿದಾಗಲೇ ನನಗೆ ಅದು ಸರಿಯಾಗಿ ಹತ್ತಿದ್ದು. ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಜೊತೆಗೆ ಕರೆದುಕೊಂಡು ಹೋಗಿ. ಅವರಿಗಿಂತ ಒಳ್ಳೆಯ ಗೈಡ್ ಸಿಗುವುದಿಲ್ಲ.

ಕುಶಲಕರ್ಮಿಗಳ ಗ್ರಾಮದಲ್ಲಿ ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆ, ಬೆತ್ತದ ಕೆಲಸ ಎಲ್ಲ ಇವೆ. ಒಂದೇ ದಿನ ಎಲ್ಲರೂ ಕೆಲಸದಲ್ಲಿ ಸಿಗಬೇಕೆಂದಿಲ್ಲ, ಯಾರು ಸಿಗುತ್ತಾರೋ ಅವರ ಎದುರು ಹತ್ತು ನಿಮಿಷ ಸುಮ್ನೆ ನಿಲ್ಲಿ. ಮಣ್ಣಿನ ಮುದ್ದೆ ತಿರುಗುತ್ತಾ ತಿರುಗುತ್ತಾ ಮಡಕೆಯಾಗುವುದನ್ನು ನೋಡಿದ ಮಗು ಮೊಬೈಲ್ ಕೇಳುವುದಿಲ್ಲ, ಇದು ನಾನು ಕಣ್ಣಾರೆ ಕಂಡದ್ದು. ಮೀನು ಸಾರಿಗೆ ಮಣ್ಣಿನ ಪಾತ್ರೆ ಸಿಕ್ಕಿದರೆ ತೆಗೆದುಕೊಳ್ಳಿ. ಮನೆಗೆ ತಂದು ಗಂಜಿ ತಿಳಿ ಹಾಕಿ ಒಂದೆರಡು ದಿನ ಪಳಗಿಸಿ, ಆಮೇಲೆ ಒಲೆಗೆ ಇಡಿ. ಬಂಗುಡೆ ಪುಳಿಮುಂಚಿ ಅದರಲ್ಲಿ ಮಾಡಿ ಮರುದಿನ ತಿಂದರೆ ಆಮೇಲೆ ಸ್ಟೀಲ್ ಪಾತ್ರೆ ಮುಟ್ಟಲು ಮನಸ್ಸಾಗುವುದಿಲ್ಲ.

ಈ ನಿಸರ್ಗಧಾಮಕ್ಕೆ ಶಿವರಾಮ ಕಾರಂತರ ಹೆಸರಿಟ್ಟಿದ್ದಾರೆ. ಸರಿಯಾಗಿಯೇ ಇದೆ. ಕೋಟದಲ್ಲಿ 1902ರಲ್ಲಿ ಹುಟ್ಟಿ ಪುತ್ತೂರಲ್ಲಿ ಬಹಳ ಕಾಲ ಇದ್ದ ಕಾರಂತರಿಗೆ ಕಾಡೂ ಬೇಕಿತ್ತು, ಯಕ್ಷಗಾನವೂ ಬೇಕಿತ್ತು, ಮಕ್ಕಳಿಗೆ ವಿಜ್ಞಾನ ಹೇಳುವುದೂ ಬೇಕಿತ್ತು. ಇಲ್ಲಿ ಮರ, ಮನೆ, ಕಸುಬು, ವಿಜ್ಞಾನ ಕೇಂದ್ರ ಎಲ್ಲ ಒಂದೇ ಆವರಣದಲ್ಲಿ ಇವೆ, ಅಲ್ವಾ? 2018ರಲ್ಲಿ ಶುರುವಾದ ತಾರಾಲಯವೂ ಚೆನ್ನಾಗಿದೆ, ಮಧ್ಯಾಹ್ನದ ಬಿಸಿಲಿಗೆ ಅದನ್ನು ಇಟ್ಟುಕೊಳ್ಳಿ.

ನನಗೆ ಹೊಟ್ಟೆ ಉರಿದದ್ದು ಒಂದೇ ವಿಷಯಕ್ಕೆ. ಕೆರೆ ಬದಿಯಲ್ಲಿ ಕೂತು ತಿಂದು ಚಿಪ್ಸ್ ಪ್ಯಾಕೆಟ್ ಅಲ್ಲೇ ಬಿಟ್ಟು ಎದ್ದು ಹೋಗುವ ಜನ. ಒಂದು ಚೀಲ ಜೊತೆಗಿಟ್ಟುಕೊಂಡರೆ ಏನು ಭಾರ?

ಹೋಗುವುದು ಕಷ್ಟವಿಲ್ಲ. ಮಂಗಳೂರಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಮೂಡುಬಿದಿರೆ ಕಡೆಯ ಬಸ್ ಹತ್ತಿ ವಾಮಂಜೂರಲ್ಲಿ ಇಳಿದು ಆಟೋ ಹಿಡಿಯಿರಿ. ಟಿಕೆಟ್ ತೆಗೆಯುವಾಗಲೇ ಗುತ್ತಿನ ಮನೆ ನೋಡಲು ಯಾವುದು ಬೇಕು ಅಂತ ಕೇಳಿಕೊಳ್ಳಿ. ಜಾರದ ಚಪ್ಪಲಿ, ನೀರಿನ ಬಾಟಲಿ ಇರಲಿ. ಕೊಡೆ ಮರೆಯಬೇಡಿ, ಈ ತಿಂಗಳಲ್ಲಿ ಮೂರು ಗಂಟೆ ದಾಟಿದರೆ ಯಾವಾಗ ಗುಡುಗು ಮಳೆ ಬರುತ್ತದೆ ಹೇಳಲಿಕ್ಕಾಗುವುದಿಲ್ಲ. ಭಾನುವಾರ ಜನ ಜಾಸ್ತಿ, ವಾರದ ನಡುವೆ ರಜೆ ಸಿಕ್ಕಿದರೆ ಆಗಲೇ ಹೋಗಿ.