ಫ್ರೀ ಬಿಲ್ಲಿಂಗ್ ಆ್ಯಪ್‌ನಲ್ಲಿ ಉದ್ರಿ ಲೆಕ್ಕ ಇಟ್ಟಿದ್ದೀರಾ? ಇವತ್ತೇ ತೆಗೆದಿಟ್ಟುಕೊಳ್ಳಿ

ಅಂಗಡಿ ಲೆಕ್ಕ ಫ್ರೀ ಆ್ಯಪ್‌ನಲ್ಲಿ ಇಟ್ಟಿರುವವರು ಇದನ್ನು ಓದಿ. ಕಂಪನಿ ಹೆಸರು ಬರೆಯಲ್ಲ, ದೂರು ಇನ್ನೂ ನಡೆಯುತ್ತಿದೆ.

ಕಲಬುರಗಿ ಗಂಜ್ ಹತ್ತಿರ ನಮ್ಮದು ಬೀಜ, ಔಷಧಿ ಅಂಗಡಿ. ಈ ಧಂದೆ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಬೀಜ ಉದ್ರಿ, ತೊಗರಿ ಹೂ ಬಿಟ್ಟಾಗ ಕಾಯಿಕೊರಕಕ್ಕೆ ಔಷಧಿ ಉದ್ರಿ, ದುಡ್ಡು ಬರೋದು ರಾಶಿ ಆದ ಮೇಲೆ. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ಔಷಧಿಗೆ 18%. ಆ್ಯಪ್ ಅದನ್ನೆಲ್ಲ ತಾನೇ ಬೇರೆ ಮಾಡಿ ಬಿಲ್ ಕೊಡುತ್ತಿತ್ತು. ಕಂಪನಿ ಹುಡುಗನೇ ಅಂಗಡಿಗೆ ಬಂದು ಹಾಕಿಕೊಟ್ಟಿದ್ದ. "ಅಣ್ಣಾ, ಲೈಫ್‌ಟೈಮ್ ಫ್ರೀ ಅದ ರೀ, ಚಿಂತಿ ಮಾಡಬ್ಯಾಡ್ರಿ." ಲೈಫ್‌ಟೈಮ್ ಅಂತೆ! ಯಾರ ಲೈಫೋ!

ಜನವರಿ, ವಸೂಲಿ ಟೈಮು. ಜೇವರ್ಗಿ ಕಡೆಯ ರೈತರೊಬ್ಬರು ತೊಗರಿ ಮಾರಿ ನೇರ ನಮ್ಮ ಅಂಗಡಿಗೇ ಬಂದರು. ನೋಟಿನ ಕಟ್ಟು ಕೌಂಟರ್ ಮೇಲಿಟ್ಟು, "ಸಾವುಕಾರ್ರೇ, ನನ್ನ ಬಾಕಿ ಎಷ್ಟದ ನೋಡ್ರಿ" ಅಂದರು. ಆ್ಯಪ್ ತೆಗೆದರೆ ಎಲ್ಲ ಹೆಸರಿನ ಮುಂದೂ ಬೀಗದ ಗುರುತು. ಕೆಳಗೆ ಕೆಂಪು ಪಟ್ಟಿ: ಫ್ರೀ ಪ್ಲಾನ್ ಮುಗಿದಿದೆ, ಅಪ್‌ಗ್ರೇಡ್ ಮಾಡಿ. ಒತ್ತಿದ ಕಡೆಯೆಲ್ಲ ಅದೇ. ಎಕ್ಸೆಲ್ ಡೌನ್‌ಲೋಡ್ ಒತ್ತಿದರೂ ಅದೇ. ಅವರು ಒಮ್ಮೆ ನನ್ನ ಮುಖ, ಒಮ್ಮೆ ಮೊಬೈಲ್ ನೋಡುತ್ತಾ ನಿಂತರು. ಆಮೇಲೆ ಅವರೇ, "ನೀವು ಎಷ್ಟ್ ಹೇಳ್ತೀರಿ ಅಷ್ಟ್ ಕೊಡ್ತೀನ್ರಿ" ಅಂದುಬಿಟ್ಟರು. ನಾಚಿಕೆಯಿಂದ ಸತ್ತಂತಾಯಿತು.

ಕಂಪನಿಗೆ ಫೋನ್ ಹಚ್ಚಿದೆ. "ಸರ್, ನಾವೀಗ ಮಲ್ಟಿ ಬ್ರಾಂಚ್ ಬಿಸಿನೆಸ್ ಮೇಲೆ ಫೋಕಸ್ ಮಾಡ್ತಿದ್ದೇವೆ. ಸಣ್ಣ ಅಂಗಡಿ ನಮ್ಮ ಸೆಗ್ಮೆಂಟ್ ಅಲ್ಲ." ಸರಿ, ಬಿಡಿ. ನನ್ನ ಲೆಕ್ಕ ನನಗೆ ಕೊಡಿ ಅಂದೆ. "ಅದಕ್ಕೆ ಪ್ಲಾನ್ ತಗೋಬೇಕು ಸರ್." ಯಾವ ಪ್ಲಾನ್? ಕನಿಷ್ಠ 5 ಯೂಸರ್, ಇಡೀ ವರ್ಷದ ದುಡ್ಡು ಮುಂಗಡ. ಅಂಗಡಿಯಲ್ಲಿ ಇರೋದೇ ನಾನು ಮತ್ತು ಒಬ್ಬ ಹುಡುಗ! ನಾನು ನಿಮ್ಮ ಗಿರಾಕಿ ಅಲ್ಲ ಅಂತೀರಿ, ದುಡ್ಡು ಮಾತ್ರ ದೊಡ್ಡ ಗಿರಾಕಿಯದ್ದೇ ಕೇಳ್ತೀರಿ. ಮೊದಲೇ ಮೇಲ್ ಕಳಿಸಿದ್ದೆವು ಅಂತ ಬೇರೆ ವಾದ. ಯಾವ ಮೇಲ್? ಆ ಐಡಿ ಮಾಡಿದ್ದು ಅವರ ಹುಡುಗ, ಪಾಸ್‌ವರ್ಡೂ ಅವನ ಹತ್ತಿರವೇ. ಅವನು ಕಂಪನಿ ಬಿಟ್ಟು ಹೋಗಿದ್ದಾನೆ.

ಫ್ರೀ ನಿಲ್ಲಿಸಿದ್ದಕ್ಕೆ ನನ್ನ ಸಿಟ್ಟಲ್ಲ. ಗೂಗಲ್ ಫೋಟೋಸ್ ಕೂಡ 2021ರ ಜೂನ್ 1ಕ್ಕೆ ಅನ್‌ಲಿಮಿಟೆಡ್ ಫ್ರೀ ನಿಲ್ಲಿಸಿತು. ಆದರೆ ಹಿಂದಿನ ನವೆಂಬರ್‌ನಲ್ಲೇ ಹೇಳಿತ್ತು, ಹಳೆ ಫೋಟೋ ಮುಟ್ಟಲಿಲ್ಲ. ಟಿಪ್ಪಣಿ ಬರೆದಿಡೋ ಆ್ಯಪ್ ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಫ್ರೀ ಇದ್ದವರಿಗೆ 50 ನೋಟ್ ಮಿತಿ ಹಾಕಿತು. ಅದಕ್ಕಿಂತ ಜಾಸ್ತಿ ಇದ್ದವರೂ ಹಳೆಯದನ್ನು ಓದಬಹುದಿತ್ತು, ಹೊರಗೆ ತೆಗೆದುಕೊಳ್ಳಬಹುದಿತ್ತು. ಇವರು ನನ್ನ ಲೆಕ್ಕವನ್ನೇ ಒತ್ತೆ ಇಟ್ಟುಕೊಂಡಿದ್ದಾರೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುತ್ತಲ್ಲ ಅಂತ ಕೆಲವರು ಹೇಳಿದರು. ಸಿಗಲ್ಲ ರೀ. ಜಿಎಸ್‌ಟಿ ನಂಬರ್ ಇಲ್ಲದ ರೈತರ ಬಿಲ್ ಅಲ್ಲಿ ಒಟ್ಟು ಮೊತ್ತವಾಗಿ ಹೋಗುತ್ತೆ, ಹೆಸರಿರಲ್ಲ. ಕಾನೂನು ನೋಡಿದರೆ ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ನಾಳೆ ಆಫೀಸಿನವರು ಕೇಳಿದರೆ ಬೀಗದ ಚಿತ್ರ ತೋರಿಸಲಾ?

ತಿಂಗಳಿಗೊಮ್ಮೆ ಎಕ್ಸೆಲ್ ಇಳಿಸಿಕೊಳ್ಳಿ, ಉದ್ರಿ ಪಟ್ಟಿ ಪ್ರಿಂಟ್ ತೆಗೆದಿಡಿ. ಐಡಿ ನಿಮ್ಮ ಮೇಲ್‌ನಲ್ಲೇ ಇರಲಿ. ಆ ಟೈ ಕಟ್ಟಿಕೊಂಡು ಬರೋ ಹುಡುಗರ ಬಾಯಿಮಾತು ಸುಮ್ನೆ ಕೇಳಿ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಗಿರಾಕಿಗಳ ವಾಟ್ಸಾಪ್‌ಗೆ ಹಿಂದೆ ಕಳಿಸಿದ್ದ ಬಿಲ್ ವಾಪಸ್ ಕೇಳಿ ಒಂದೊಂದೇ ವಹಿಗೆ ಏರಿಸುತ್ತಿದ್ದೇವೆ. ನಿನ್ನೆ ಕಂಪನಿಯಿಂದ ಮೆಸೇಜ್ ಬಂತು, ನಿಮ್ಮ ಟಿಕೆಟ್ ಕ್ಲೋಸ್ ಆಗಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ.