ಕಡಲೊಳಗಿನ ಅಲೆಗಳನ್ನು ಕಾಣಲು ನಾಸಾ ವರ್ಲ್ಡ್‌ವ್ಯೂ: ಒಂದು ವಿಮರ್ಶೆ

ಅಳಿವೆಗಳಲ್ಲಿ ಮತ್ತು ಕರಾವಳಿ ಸಮುದ್ರಗಳಲ್ಲಿ ನೀರಿನ ಪದರಗಳು ಹೇಗೆ ಬೆರೆಯುತ್ತವೆ ಎಂದು ಅಭ್ಯಾಸ ಮಾಡುವವರಿಗೆ ನಾಸಾದ ಉಚಿತ ಉಪಗ್ರಹ ಚಿತ್ರಸೇವೆಯಾದ ವರ್ಲ್ಡ್‌ವ್ಯೂವನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಆದರೆ ಅಲ್ಲಿ ಕಾಣುವುದು ಪದರಗಳ ಗಡಿಯಲ್ಲಿ ಏಳುವ ಅಲೆಯ ಗುರುತೇ ಹೊರತು ಮಿಶ್ರಣವಲ್ಲ ಎಂಬ ಎಚ್ಚರ ಬಳಸುವವರಿಗೆ ಇರಬೇಕು.

ಇದನ್ನು ನೋಡಲು ಖಾತೆ ತೆರೆಯಬೇಕಾಗಿಲ್ಲ. ದಿನಾಂಕ ಆರಿಸಿಕೊಂಡು, ಅಂಡಮಾನ್ ಸಮುದ್ರದಲ್ಲೋ ಜಿಬ್ರಾಲ್ಟರ್ ಜಲಸಂಧಿಯ ಬಳಿಯಲ್ಲೋ ಬಿಸಿಲು ನೀರಿನಿಂದ ನೇರವಾಗಿ ಪ್ರತಿಫಲಿಸುವ ಬೆಳ್ಳನೆಯ ಪಟ್ಟಿಯೊಳಗೆ ಹುಡುಕಿದರೆ, ಮೋಡವಿಲ್ಲದ ದಿನಗಳಲ್ಲಿ ಕಮಾನಿನಂತೆ ಬಾಗಿದ ಗೆರೆಗಳು ಒಂದರ ಹಿಂದೊಂದು ಸಾಗಿರುವುದು ಕಾಣಸಿಗುತ್ತದೆ. ಹಗುರವಾದ ನೀರು ಮೇಲೆ, ಹೆಚ್ಚು ಉಪ್ಪಿನ ಅಥವಾ ತಣ್ಣನೆಯ ಭಾರವಾದ ನೀರು ಕೆಳಗೆ ಇರುವಲ್ಲಿ ಉಬ್ಬರವಿಳಿತದ ಹರಿವು ತಳದ ದಿಬ್ಬವನ್ನು ದಾಟಿದಾಗ ಎರಡರ ನಡುವಿನ ಗಡಿ ಏರಿಳಿದು ಈ ಅಲೆಗಳು ಹುಟ್ಟುತ್ತವೆ. ಅವುಗಳ ಹರಿವು ಮೇಲ್ಮೈಯನ್ನು ಒಂದೆಡೆ ಒರಟಾಗಿಸಿ ಇನ್ನೊಂದೆಡೆ ನುಣುಪಾಗಿಸುವುದರಿಂದಲೇ ಅವು ಉಪಗ್ರಹಕ್ಕೆ ಗೋಚರಿಸುತ್ತವೆ.

ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿದ್ದು ದೂರ ಅಳೆಯುವ ಸೌಲಭ್ಯ. ದಿನಕ್ಕೆ ಎರಡು ಬಾರಿ ಉಬ್ಬರ ಬರುವ ಕಡೆ ಸಾಮಾನ್ಯವಾಗಿ ಪ್ರತಿ ಉಬ್ಬರಕ್ಕೂ ಅಲೆಗಳ ಒಂದು ಗುಂಪು ಹೊರಡುವುದರಿಂದ, ಎರಡು ಗುಂಪುಗಳ ನಡುವಿನ ಅಂತರವೆಂದರೆ ಸುಮಾರು 12.4 ಗಂಟೆಗಳ ಪ್ರಯಾಣ. ಆ ಅಂತರ 90 ಕಿ.ಮೀ. ಇದ್ದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಎಂದಾಯಿತು. ಒಂದೇ ಚಿತ್ರದಿಂದ ಇಷ್ಟು ತಿಳಿಯುವುದು ನಿಜಕ್ಕೂ ಸಂತೋಷದ ವಿಷಯ.

ಅಳಿವೆಗಳ ವಿಷಯದಲ್ಲಿ ಮಾತ್ರ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಬೇಕು. ನಾಸಾ ಉಪಗ್ರಹಗಳ ಮೇಲಿನ ಮೋಡಿಸ್ ಎಂಬ ಉಪಕರಣದ ಚಿತ್ರಗಳ ಅತಿ ಸೂಕ್ಷ್ಮ ಬಿಂದುವೇ 250 ಮೀಟರ್ ಅಗಲವಿರುವಾಗ, ಅಳಿವೆಯ ಹತ್ತಾರು ಮೀಟರ್ ಉದ್ದದ ಅಲೆಗಳು ಅದರಲ್ಲಿ ಮೂಡುವುದಿಲ್ಲ. ಲ್ಯಾಂಡ್‌ಸ್ಯಾಟ್ ಮತ್ತು ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು ಸೇರಿಸಿ ಸಿದ್ಧಪಡಿಸಿದ 30 ಮೀಟರ್ ಪದರವನ್ನು ಆರಿಸಿದರೆ ಅಮೆರಿಕದ ಕೊಲಂಬಿಯಾದಂತಹ ನದಿಗಳ ಮುಖದಲ್ಲಿ ಸಿಹಿನೀರಿನ ಅಂಚನ್ನು ಗುರುತಿಸಬಹುದು, ಆದರೆ ಆ ಚಿತ್ರಗಳು ಪ್ರತಿದಿನ ಸಿಗುವುದಿಲ್ಲ.

ಮಿಶ್ರಣ ನಡೆಯುವುದು ಇವೆಲ್ಲಕ್ಕಿಂತ ಬಹಳ ಚಿಕ್ಕ ಅಳತೆಯಲ್ಲಿ. ಪದರಗಳ ವೇಗದ ವ್ಯತ್ಯಾಸ ಹೆಚ್ಚಿ, ಪದರಗಳ ಸ್ಥಿರತೆಯನ್ನು ಆ ವ್ಯತ್ಯಾಸದೊಂದಿಗೆ ಹೋಲಿಸುವ ರಿಚರ್ಡ್‌ಸನ್ ಸಂಖ್ಯೆ 1/4ಕ್ಕಿಂತ ಕೆಳಗಿಳಿದಾಗ ಗಡಿಯ ನೀರು ಸುರುಳಿಸುತ್ತಿ ಒಡೆಯಬಲ್ಲದು. ಅಲೆ ದಡದತ್ತ ಬಂದು ಇಳಿಜಾರಾದ ತಳದ ಮೇಲೆ ಮುರಿದಾಗಲೂ ಕೆಳಗಿನ ಪೋಷಕಾಂಶಗಳು ಬೆಳಕಿರುವ ಪದರಕ್ಕೆ ಏರುತ್ತವೆ. ಇದನ್ನು ಅಳೆಯಲು ಸೆಂಟಿಮೀಟರ್ ಮಟ್ಟದ ಪ್ರಕ್ಷುಬ್ಧತೆಯನ್ನು ಹಿಡಿಯುವ ಉಪಕರಣವನ್ನು ನೀರಿಗಿಳಿಸಲೇಬೇಕು. ಅದನ್ನು ಎಲ್ಲಿ, ಉಬ್ಬರದ ಯಾವ ಹೊತ್ತಿನಲ್ಲಿ ಇಳಿಸಬೇಕು ಎಂದು ಹಡಗು ಹೊರಡುವ ಮೊದಲೇ ತೀರ್ಮಾನಿಸಲು ಹಳೆಯ ಚಿತ್ರಗಳನ್ನು ಹೀಗೆ ತಿರುವಿಹಾಕುವುದು ತುಂಬ ನೆರವಾಗುತ್ತದೆ.